ಗಾಜಿನ ಕೊಳವೆ, ಕುಸುಬಿ ಎಣ್ಣೆ

ನಾನು ಬಿ.ಎಸ್ಸಿ. ಓದಲು ಧಾರವಾಡದ ಕಾಲೇಜಿಗೆ ಸೇರಿದಾಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಭೌತಶಾಸ್ತ್ರದ ತರಗತಿಯಲ್ಲಿ ಮೂವತ್ತು ಹುಡುಗರು, ನಾನೊಬ್ಬಳೇ ಹುಡುಗಿ. ಆಗಿನ ಕ್ರಮ ಹೇಳಿದರೆ ಈಗಿನವರು ನಗುತ್ತಾರೆ. ಗಂಟೆಯಾದ ಕೂಡಲೇ ನಾನು ತರಗತಿಗೆ ಹೋಗುವಂತಿರಲಿಲ್ಲ. ಹೆಣ್ಣುಮಕ್ಕಳಿಗೆಂದು ಬಿಟ್ಟಿದ್ದ ಸಣ್ಣ ಕೋಣೆಯ ಬಾಗಿಲಲ್ಲಿ ನಿಂತಿರಬೇಕು. ಸರ್ ಆ ಕಡೆಯಿಂದ ಹಾದುಹೋದಾಗ ಅವರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯಬೇಕು. ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತು, ಪಾಠ ಮುಗಿದ ಮೇಲೆ ಮತ್ತೆ ಅವರ ಹಿಂದೆಯೇ ಹೊರಬೀಳಬೇಕು. ಎರಡು ವರ್ಷ ನಾನು ಹುಡುಗರ ಮುಖಕ್ಕಿಂತ ಸರ್ ಅವರ ಕೋಟಿನ ಬೆನ್ನನ್ನೇ ಹೆಚ್ಚು ನೋಡಿದ್ದೇನೆ. ಕರಿಯ ಕೋಟು, ಬಿಳಿಯ ರುಮಾಲು, ಕಚ್ಚೆ ಧೋತರ. ಬೆನ್ನಿನ ಮೇಲೆ ಯಾವಾಗಲೂ ಒಂದಿಷ್ಟು ಸೀಮೆಸುಣ್ಣದ ಪುಡಿ. ಅದು ಬೆನ್ನಿಗೆ ಹೇಗೆ ಹತ್ತುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ಎಣ್ಣೆಯ ವ್ಯಾಪಾರ ಮಾಡುತ್ತಿದ್ದರು. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ, ಹಬ್ಬದ ದಿನಗಳಲ್ಲಿ ಕೊಬ್ಬರಿ ಎಣ್ಣೆ. ಹಣೆಯ ತುಂಬ ವಿಭೂತಿ, ಕೈಯ ತುಂಬ ಎಣ್ಣೆಯ ವಾಸನೆ. ಅಪ್ಪ ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವರು. ಸಣ್ಣವಳಿದ್ದಾಗ ನಾನು ಅಂಗಡಿಯ ಕಟ್ಟೆಯ ಮೇಲೆ ಕೂತು ಬಾಯಿಲೆಕ್ಕ ಮಾಡುವುದನ್ನು ಕಂಡು ಹಿಗ್ಗಿ, ಬಂಧುಬಳಗದವರೆಲ್ಲ ಬೇಡವೆಂದರೂ, ಕಾಲೇಜಿಗೆ ಕಳಿಸಿದರು. ವಾರವೆಲ್ಲ ನಾನು ಧಾರವಾಡದಲ್ಲಿ ಅಪ್ಪನ ಅಕ್ಕನ, ಎಂದರೆ ನನ್ನ ಅತ್ತೆಯ ಮನೆಯಲ್ಲಿರುತ್ತಿದ್ದೆ. ಶನಿವಾರ ಸಂಜೆಯ ರೈಲುಗಾಡಿಗೆ ಹುಬ್ಬಳ್ಳಿ, ಸೋಮವಾರ ಬೆಳಗಿನ ಗಾಡಿಗೆ ಧಾರವಾಡ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಸರ್ ಹಲಗೆಯ ಮೇಲೆ ಎರಡು ಉದ್ದನೆಯ ಗೆರೆ ಎಳೆದು, ಇದೊಂದು ಕೊಳವೆ, ಇದರೊಳಗೆ ಎಣ್ಣೆ ಹರಿಯುತ್ತಿದೆ ಎಂದರು. ಪಾಠ ಇಂಗ್ಲಿಷಿನಲ್ಲಿ. ಸಿಟ್ಟು ಬಂದಾಗ ಅಥವಾ ತೀರ ಖುಷಿಯಾದಾಗ ಮಾತ್ರ ಅವರು ಕನ್ನಡಕ್ಕೆ ಇಳಿಯುತ್ತಿದ್ದರು. ಎಣ್ಣೆ ಗಲಿಬಿಲಿಯಿಲ್ಲದೆ, ಸುಳಿಯಿಲ್ಲದೆ, ಪದರು ಪದರಾಗಿ ನಿಧಾನವಾಗಿ ಹೋಗುತ್ತಿದೆ ಎಂದುಕೊಳ್ಳಿ. ಕೊಳವೆಯ ನಟ್ಟನಡುವೆ ಎಣ್ಣೆಯದೇ ಒಂದು ತೆಳ್ಳನೆಯ ಕೋಲನ್ನು ಕಲ್ಪಿಸಿಕೊಳ್ಳಿ. ಹಿಂದಿನ ಒತ್ತಡ ಆ ಕೋಲನ್ನು ಮುಂದಕ್ಕೆ ತಳ್ಳುತ್ತದೆ. ಸುತ್ತಲಿನ ಎಣ್ಣೆ ತನ್ನ ಜಿಗುಟಿನಿಂದ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಕೋಲು ಒಂದೇ ವೇಗದಲ್ಲಿ ಹೋಗುತ್ತಿದೆಯೆಂದರೆ ತಳ್ಳುವುದೂ ಹಿಡಿಯುವುದೂ ಸರಿಸಮ. ಇಷ್ಟನ್ನು ಅಕ್ಷರಗಳಲ್ಲಿ ಬರೆದು, ಒಂದನ್ನು ಇನ್ನೊಂದರಿಂದ ಭಾಗಿಸಿ, ಕಲನದ ಒಂದು ಮೆಟ್ಟಿಲು ಹತ್ತಿದರು. ಎಣ್ಣೆಯ ವೇಗ ಕೊಳವೆಯ ನಡುವೆ ಎಲ್ಲಕ್ಕಿಂತ ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ, ಗೋಡೆಗೆ ತಾಗಿದಲ್ಲಿ ಸೊನ್ನೆ ಎಂದು ಬಂತು. ಅದನ್ನು ಕೊಳವೆಯೊಳಗೆ ಒಂದು ಬಾಗುಗೆರೆಯಾಗಿ ಬರೆದು ತೋರಿಸಿದರು. ಆಮೇಲೆ ಎಣ್ಣೆಯನ್ನು ಒಂದರೊಳಗೊಂದು ಕೂತ ಬಳೆಗಳ ಹಾಗೆ ಕತ್ತರಿಸಿ, ಪ್ರತಿಯೊಂದು ಬಳೆಯಲ್ಲಿ ಹೋಗುವ ಎಣ್ಣೆಯನ್ನು ಕೂಡಿಸುತ್ತ ಹೋದರು. ಹಲಗೆಯ ಕೆಳಗಿನ ಮೂಲೆಯಲ್ಲಿ ಕೊನೆಯ ಸಾಲು ನಿಂತಿತು. ಹರಿಯುವ ಎಣ್ಣೆಯ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಷ್ಟು. ಎಂದರೆ ಕೊಳವೆ ಎರಡರಷ್ಟು ಅಗಲವಾದರೆ ಎಣ್ಣೆ ಹದಿನಾರರಷ್ಟು.

ನನಗೆ ಮೈ ಜುಮ್ಮೆಂದಿತು. ಎಣ್ಣೆ ನಮ್ಮ ಮನೆಯ ವಸ್ತು. ಅದರೊಳಗೆ ಇಂಥ ಒಂದು ಲೆಕ್ಕ ಅಡಗಿ ಕೂತಿದೆಯೆಂದು ಯಾರು ತಿಳಿದಿದ್ದರು? ಆದರೆ ಒಂದು ಸಾಲು ನನಗೆ ಒಪ್ಪಿಗೆಯಾಗಲಿಲ್ಲ. ಏಳೆಂಟು ತಿಂಗಳಲ್ಲಿ ಮೊದಲ ಸಲ ಎದ್ದು ನಿಂತೆ.

“ಸರ್, ಗೋಡೆಗೆ ತಾಗಿದ ಎಣ್ಣೆ ಯಾಕೆ ನಿಂತೇಬಿಡುತ್ತದೆ? ಅದೂ ಸ್ವಲ್ಪ ಜಾರಬಹುದಲ್ಲ?”

ಹಿಂದಿನ ಬೆಂಚುಗಳಿಂದ ನಗು ಎದ್ದಿತು. ಯಾರೋ “ಎಣ್ಣಿ ಅಂಗಡಿ” ಎಂದದ್ದೂ ಕೇಳಿಸಿತು. ಸರ್ ಹುಬ್ಬು ಗಂಟಿಕ್ಕಿದರು. “ಹಾಗೆಂದು ಕಂಡುಬಂದಿದೆ, ಕೂತುಕೋ” ಎಂದು ಇಂಗ್ಲಿಷಿನಲ್ಲಿ ಹೇಳಿ ಹಲಗೆ ಒರೆಸಿದರು. ಕೂತೆ. ಅವತ್ತು ಅವರ ಹಿಂದೆ ಹೊರಗೆ ನಡೆಯುವಾಗ ಆ ನಾಲ್ಕು ಹೆಜ್ಜೆಯ ಅಂತರ ನಲವತ್ತು ಹೆಜ್ಜೆ ಅನ್ನಿಸಿತು.

ಮರುದಿನ ಸರ್ ಬಂದವರೇ ಹಲಗೆಯ ಕಡೆ ತಿರುಗಲಿಲ್ಲ. ಕನ್ನಡದಲ್ಲಿ ಶುರುಮಾಡಿದರು.

“ನಿನ್ನೆ ಈಕಿ ಒಂದು ಪ್ರಶ್ನೆ ಕೇಳಿದಳು. ನಾ ಉತ್ತರ ಕೊಡಲಿಲ್ಲ, ಸುಮ್ಮನ ಕೂಡಿಸಿದೆ. ನೀವೆಲ್ಲಾ ನಕ್ಕಿರಿ. ನಿಮ್ಮೊಳಗ ಯಾರಿಗೆ ಉತ್ತರ ಗೊತ್ತದ, ಹೇಳ್ರಿ ನೋಡೋಣ.”

ನಕ್ಕವರೆಲ್ಲ ಪುಸ್ತಕದ ಹಾಳೆ ತಿರುವತೊಡಗಿದರು.

“ನನಗೂ ಪೂರ್ತಿ ಗೊತ್ತಿಲ್ಲ. ಆದ್ರ ತೋರಸ್ಲಿಕ್ಕೆ ಬರ್ತದ. ನಡೀರಿ, ಪ್ರಯೋಗಶಾಲೆಗೆ ಹೋಗೂಣು.”

ಪ್ರಯೋಗಶಾಲೆಯನ್ನು ನೋಡಿಕೊಳ್ಳುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಮುಸಲ್ಮಾನರು. ಹುಬ್ಬಳ್ಳಿಯ ಗೋಪನಕೊಪ್ಪದ ಕಡೆಯಿಂದ ದಿನವೂ ಗಾಡಿಯಲ್ಲಿ ಬರುತ್ತಿದ್ದರು. ಅವರದು ತಲೆಮಾರುಗಳಿಂದ ಕಂಚುಗಾರಿಕೆ, ಬೆಸುಗೆಯ ಕೆಲಸ ಮಾಡಿಕೊಂಡು ಬಂದ ಮನೆತನ. ಗಾಜನ್ನು ಉರಿಯಲ್ಲಿ ಹಿಡಿದು ಬೇಕಾದಂತೆ ಬಗ್ಗಿಸುವುದನ್ನು ತಾವೇ ಕಲಿತುಕೊಂಡಿದ್ದರು. ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಹುಡುಗರು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು.

ಚಾಚಾ ಒಂದು ಗಾಜಿನ ಕೊಳವೆಯಲ್ಲಿ ತಿಳಿ ಎಣ್ಣೆ ತುಂಬಿ ಅಡ್ಡಲಾಗಿ ಕೂಡಿಸಿದ್ದರು. ಅದರ ಹಿಂದಿನ ಡಬ್ಬಿಯಲ್ಲಿ ಕೆಂಪು ಎಣ್ಣೆ; ಹೆಂಗಸರು ತಲೆಗೆ ಹಚ್ಚುವ ಎಣ್ಣೆಗೆ ಬಣ್ಣ ಬರಲೆಂದು ಹಾಕುವ ಬೇರನ್ನು ಅದರಲ್ಲಿ ನೆನೆಹಾಕಿದ್ದರು. ಸರ್ ತಲೆಯಾಡಿಸಿದರು. ಚಾಚಾ ಕೊಳವೆಯ ತುದಿಯ ಬೂಚು ತೆಗೆದರು.

ಕೆಂಪು ಎಣ್ಣೆ ಕೊಳವೆಯೊಳಗೆ ಸಪಾಟಾಗಿ ಬರುತ್ತದೆಂದು ನಾವೆಲ್ಲ ಕಾಯುತ್ತಿದ್ದೆವು. ಹಾಗೆ ಬರಲಿಲ್ಲ. ನಡುವಿನ ಭಾಗ ನಾಲಗೆಯ ಹಾಗೆ ಮುಂದೆ ಚಾಚಿಕೊಂಡು ಬಂತು. ಎರಡೂ ಬದಿಯಲ್ಲಿ ತಿಳಿ ಎಣ್ಣೆ ಗಾಜಿಗೆ ಅಂಟಿ ಹಾಗೆಯೇ ಕೂತಿತ್ತು. ಕೆಂಪು ನಾಲಗೆ ಕೊಳವೆಯ ತುದಿ ಮುಟ್ಟಿದರೂ ಗೋಡೆಯ ತಿಳಿ ಎಣ್ಣೆ ಅಲುಗಲಿಲ್ಲ. ಸರ್ ಹಿಂದಿನ ದಿನ ಹಲಗೆಯ ಮೇಲೆ ಬರೆದಿದ್ದ ಬಾಗುಗೆರೆ ನಮ್ಮ ಕಣ್ಣೆದುರು ಕೆಂಪಗೆ ನಿಂತಿತ್ತು. ಹುಡುಗರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ನನಗೆ ಮುಂದೆ ಜಾಗ ಬಿಟ್ಟರು.

ತರಗತಿ ಮುಗಿದ ಮೇಲೆ ಸರ್ ನನ್ನನ್ನು ನಿಲ್ಲಿಸಿಕೊಂಡರು. “ನೋಡವಾ, ನಿಮ್ಮ ಮನ್ಯಾಗ ಎಣ್ಣಿ ಅದ, ಇಲ್ಲಿ ಕೊಳವಿ ಅವ. ಒಂದು ಸಣ್ಣದು, ಒಂದು ಅದರ ಎರಡರಷ್ಟು ಅಗಲ. ಹದಿನಾರು ಪಟ್ಟು ಬರ್ತದೋ ಇಲ್ಲೋ, ನೀನ ಅಳದು ತೋರಸು.”

ಆ ಶನಿವಾರ ಗಾಡಿ ಇಳಿದು ನೆಟ್ಟಗೆ ಅಂಗಡಿಗೇ ಹೋದೆ. ಎಣ್ಣೆ ಬೇಕೆಂದೆ, ಯಾಕೆಂದು ಹೇಳಿದೆ. ಅಪ್ಪ ಎಣ್ಣೆ ಸುರಿಯುವ ಲಾಳಿಕೆಯನ್ನು ಒರೆಸುತ್ತ ಕೇಳಿಸಿಕೊಂಡರು.

“ಬಾಯಿ ಎರಡು ಪಟ್ಟು ದೊಡ್ಡದಾದ್ರ ಎಣ್ಣಿ ನಾಕು ಪಟ್ಟು ಬರತೈತಿ. ಅಷ್ಟು ನನಗೂ ಗೊತ್ತೈತಿ. ಹದಿನಾರು ಎಲ್ಲಿಂದ ತಂದಿ?”

“ಬಾಯಿ ನಾಕು ಪಟ್ಟು ಆಗತೈತಿ, ಖರೇ ಅಪ್ಪಾ. ಆದ್ರ ಗ್ವಾಡಿ ದೂರ ಹೋಗತೈತಲ್ಲ, ಹಿಡಿಯೂ ಗ್ವಾಡಿ ದೂರಾದ್ರ ನಡಬರಕಿನ ಎಣ್ಣಿ ನಾಕು ಪಟ್ಟು ಜೋರ ಓಡತೈತಿ. ನಾಕು ನಾಕಲೆ ಹದಿನಾರು.”

ಅಪ್ಪ ಲಾಳಿಕೆಯನ್ನು ಕೆಳಗಿಟ್ಟರು. ಅಷ್ಟರಲ್ಲಿ ಗಿರಾಕಿ ಬಂದರು, ಹೋದರು. ಕೊನೆಗೆ, “ಚಳಿಗಾಲದಾಗ ಸಣ್ಣ ಲಾಳಿಕ್ಯಾಗ ಎಣ್ಣಿ ಯಾಕ ಅಷ್ಟು ಸತಾಯಸ್ತೈತಿ ಅಂತ ನಾ ಇಷ್ಟು ವರ್ಷ ಬೈಕೊಂತ ಬಂದೇನಿ” ಎಂದು ನಕ್ಕು, ತಾವೇ ಒಂದು ಡಬ್ಬಿ ಕುಸುಬಿ ಎಣ್ಣೆ ಸೋಸಿ ತುಂಬಿದರು. ಸೋಮವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಧಾರವಾಡಕ್ಕೆ ಬಂದೆ. ನವಲೂರು ದಾಟುವಷ್ಟರಲ್ಲಿ ರೈಲಿನ ಹೆಂಗಸರ ಡಬ್ಬಿಯಲ್ಲಿದ್ದವರೆಲ್ಲ ಈ ಎಣ್ಣೆ ಮಾರಲು ಎಷ್ಟು ದೂರ ಹೋಗುತ್ತೀ ಎಂದು ಕೇಳಿಯಾಗಿತ್ತು.

ಪ್ರಯೋಗ ಸರಳ. ಎತ್ತರದಲ್ಲಿ ಒಂದು ತಗಡಿನ ಡಬ್ಬಿ, ಅದರಲ್ಲಿ ಎಣ್ಣೆಯ ಮಟ್ಟ ಇಳಿಯದಂತೆ ನೋಡಿಕೊಳ್ಳಬೇಕು. ಅದರ ಬುಡಕ್ಕೆ ಅಡ್ಡಲಾಗಿ ಗಾಜಿನ ಕೊಳವೆ. ಎರಡು ನಿಮಿಷದಲ್ಲಿ ಎಷ್ಟು ಎಣ್ಣೆ ಬಂತೆಂದು ಅಳತೆಯ ಜಾರಿನಲ್ಲಿ ನೋಡುವುದು. ಚಾಚಾ ಡಬ್ಬಿಗೆ ಎಣ್ಣೆ ಹಾಕುತ್ತಿದ್ದರು, ಜಾರು ಬರಿದು ಮಾಡುತ್ತಿದ್ದರು. ನಾನು ಗಡಿಯಾರ ಹಿಡಿದು ಬರೆದುಕೊಳ್ಳುತ್ತಿದ್ದೆ. ಮೊದಲು ಸಣ್ಣ ಕೊಳವೆ, ಆಮೇಲೆ ದೊಡ್ಡದು.

ಹದಿಮೂರು ಬಂತು.

ಎಲ್ಲೋ ಎಣ್ಣೆ ಚೆಲ್ಲಿರಬೇಕೆಂದು ಮತ್ತೆ ಮಾಡಿದೆ. ಹದಿಮೂರು. ಗಡಿಯಾರ ಬದಲಿಸಿದೆ. ಹದಿಮೂರಕ್ಕೆ ಒಂದಿಷ್ಟು ಹೆಚ್ಚು. ಮರುದಿನ ಮಾಡಿದೆ, ಅದರ ಮರುದಿನ ಮಾಡಿದೆ. ಮೂರು ದಿನಕ್ಕೆ ಏಳು ಸಲ. ಏಳು ಸಲವೂ ಹದಿಮೂರರ ಆಸುಪಾಸು. ಹಲಗೆಯ ಮೇಲಿನ ಹದಿನಾರು ಸುಳ್ಳಾಗಲು ಸಾಧ್ಯವಿಲ್ಲ. ಅದು ಒಂದೊಂದೇ ಮೆಟ್ಟಿಲು ಹತ್ತಿ ಬಂದದ್ದನ್ನು ನಾನೇ ನೋಡಿದ್ದೆ. ತಪ್ಪು ನನ್ನದೇ ಇರಬೇಕು. ತರಗತಿಯಲ್ಲಿ ಒಬ್ಬಳೇ ಹುಡುಗಿ, ಒಂದು ಪ್ರಶ್ನೆ ಕೇಳಿ ನಗೆಗೀಡಾದವಳು. ಈಗ ಕೊಟ್ಟ ಕೆಲಸವೂ ಬರಲಿಲ್ಲವೆಂದು ಹೋಗಿ ಹೇಳುವುದು ಹೇಗೆ? ನಾಲ್ಕನೆಯ ದಿನ ವಹಿಯನ್ನು ಚೊಕ್ಕಟವಾಗಿ ಬರೆಯುವಾಗ, ದೊಡ್ಡ ಕೊಳವೆಯ ಅಂಕಿಗಳನ್ನು ನಾನೇ ಹೆಚ್ಚಿಸಿ ಬರೆದೆ. ಸರಿಯಾಗಿ ಹದಿನಾರು ಬಂದರೆ ಸಂಶಯ ಬರಬಹುದೆಂದು ಒಂದು ಕಡೆ ಹದಿನೈದೂ ಮುಕ್ಕಾಲು, ಇನ್ನೊಂದು ಕಡೆ ಹದಿನಾರೂ ಕಾಲು ಮಾಡಿದೆ. ಅಷ್ಟು ಜಾಣತನ ಆ ಹೊತ್ತಿಗೆ ಎಲ್ಲಿಂದ ಬಂತೆಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಸರ್ ವಹಿ ನೋಡಿ ಕನ್ನಡಕ್ಕೆ ಇಳಿದುಬಿಟ್ಟರು. “ಭಾಳ ಛಲೋ ಆತು, ಭಾಳ ಛಲೋ!” ತರಗತಿಯಲ್ಲಿ ನನ್ನನ್ನು ನಿಲ್ಲಿಸಿ ಅಂಕಿಗಳನ್ನು ಓದಿ ಹೇಳಿದರು. ನಕ್ಕಿದ್ದ ಹುಡುಗರೇ ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತ ನಿಂತಿದ್ದೆ. ನಾಚಿಕೆ ಸ್ವಭಾವದ ಹುಡುಗಿ ಎಂದು ಎಲ್ಲರೂ ಅಂದುಕೊಂಡಿರಬೇಕು.

ಶನಿವಾರ ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ಕೇಳಿದರು, “ಬಂತೇನು ಹದಿನಾರು?” ಬಂತು ಎಂದೆ. ಆ ಸಂಜೆ ಮತ್ತು ಮರುದಿನ ಅಂಗಡಿಗೆ ಬಂದವರಿಗೆಲ್ಲ ಅಪ್ಪನದು ಒಂದೇ ಮಾತು. ಹತ್ತಿಯ ದಲಾಲರು, ಜೋಳದ ವ್ಯಾಪಾರಿಗಳು, ಪೂಜೆಗೆಂದು ಮನೆಗೆ ಬಂದ ಅಯ್ಯನವರು, ಯಾರನ್ನೂ ಬಿಡಲಿಲ್ಲ. ಒಂದು ಕೈಯಲ್ಲಿ ಸಣ್ಣ ಲಾಳಿಕೆ, ಇನ್ನೊಂದು ಕೈಯಲ್ಲಿ ದೊಡ್ಡದು ಹಿಡಿದು, “ಎಷ್ಟು ಪಟ್ಟು ಬರತೈತಿ ಹೇಳ್ರಿ ನೋಡೂಣು” ಎಂದು ಕೇಳಿ, ಅವರು ಎರಡು, ಮೂರು, ನಾಲ್ಕು ಎಂದರೆ, “ನಮ್ಮ ಹುಡುಗಿ ಅಳದ ನೋಡ್ಯಾಳರಿ, ಹದಿನಾರು!” ಎನ್ನುತ್ತಿದ್ದರು. ಅಂಗಡಿಯ ಹಿಂದೆಯೇ ನಮ್ಮ ಮನೆ; ಒಳಗಿನ ಕೋಣೆಯಲ್ಲಿ ಕೂತ ನನಗೆ ಪ್ರತಿಸಲವೂ ಅದು ಕೇಳಿಸುತ್ತಿತ್ತು. ಅವ್ವ ಮಾಡಿದ ರೊಟ್ಟಿ, ಎಣ್ಣೆಗಾಯಿಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಓದಿ ಓದಿ ಹುಡುಗಿ ಸೊರಗಿದ್ದಾಳೆಂದು ಅವ್ವ ಮರುಗಿದಳು.

ಸೋಮವಾರ ಪ್ರಯೋಗಶಾಲೆಗೆ ಹೋದಾಗ ಚಾಚಾ ಒಬ್ಬರೇ ಇದ್ದರು. ಎಣ್ಣೆಯ ಜಾರನ್ನು ಸೀಗೆಪುಡಿ ಹಾಕಿ ತೊಳೆಯುತ್ತಿದ್ದರು. ನನ್ನ ಕಡೆ ನೋಡದೆಯೇ ಹೇಳಿದರು.

“ಬೇಟಿ, ದೊಡ್ಡ ಕೊಳವಿದು ಎಣ್ಣಿ ಈ ಜಾರಿನ್ಯಾಗ ಯಾವ ಗೀಟಿನ ತನಕ ಬಂದಿತ್ತು, ನನಗ ನೆನಪೈತಿ. ಏಳು ಸಲ ನಾನ ಖಾಲಿ ಮಾಡೇನಿ.”

ನಾನು ಜಾರಿನ ಗೀಟುಗಳನ್ನು ನೋಡಿದೆ.

“ಸಾಹೇಬ್ರಿಗೆ ನಾ ಏನೂ ಹೇಳಂಗಿಲ್ಲ. ಅದು ನನ್ನ ಕೆಲಸ ಅಲ್ಲ. ನಿನಗ ಗೊತ್ತಿರ್ಲಿ ಅಂತ ಹೇಳಿದೆ.” ಮತ್ತೆ ಜಾರು ತೊಳೆಯತೊಡಗಿದರು.

ಅವರು ಬೈದಿದ್ದರೆ ಅಳು ಬರುತ್ತಿತ್ತೋ ಏನೋ. ಬೈಯದ್ದರಿಂದ ಅಲ್ಲಿ ನಿಲ್ಲಲಾಗಲಿಲ್ಲ. ಅದೇ ಕಾಲಿನಲ್ಲಿ ಸರ್ ಅವರ ಕೋಣೆಗೆ ಹೋದೆ. ಅವರು ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಅವಲಕ್ಕಿ ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ.

“ಸರ್, ಹದಿನಾರು ಬಂದಿದ್ದಿಲ್ರಿ. ನಾನ ಅಂಕಿ ತಿದ್ದೇನ್ರಿ.”

ಅವರು ಚಮಚ ಕೆಳಗಿಟ್ಟರು. ಕನ್ನಡಕ ತೆಗೆದರು.

“ಎಷ್ಟು ಬಂದಿತ್ತು?”

“ಹದಿಮೂರ್ರಿ.”

“ಎಷ್ಟು ಸಲ ಮಾಡಿದಿ?”

“ಏಳು ಸಲ.”

“ಏಳೂ ಸಲ ಹದಿಮೂರ ಬಂತೇನು?”

“ಹೌದ್ರಿ. ಅದರ ಹಿಂದ ಮುಂದ.”

ಕಿಟಕಿಯ ಹೊರಗೆ ಬೇವಿನ ಮರದಲ್ಲಿ ಗಿಳಿಗಳು ಕಿರುಚುತ್ತಿದ್ದವು. ಸರ್ ಅವಲಕ್ಕಿಯ ಡಬ್ಬಿಗೆ ಮುಚ್ಚಳ ಹಾಕಿದರು. ಅವರ ದನಿಯಲ್ಲಿ ನಾನು ಹೆದರಿದ್ದ ಸಿಟ್ಟು ಇರಲಿಲ್ಲ. ಬೇಸರವಿತ್ತು. ಅದು ಇನ್ನೂ ಕಷ್ಟವಾಯಿತು.

“ಒಂದ ಸಲ ಬಂದಿದ್ರ ತಪ್ಪು ಅನಬಹುದಿತ್ತು. ಏಳು ಸಲ ಅದ ಬಂತು ಅಂದ್ರ ಆ ಎಣ್ಣಿ ನಿನಗ ಏನೋ ಹೇಳ್ಲಿಕ್ಕೆ ಹತ್ತಿತ್ತವಾ. ನೀ ಅದರ ಬಾಯಿ ಮುಚ್ಚಿದಿ.” ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿದರು. “ಹೋಗು. ಮೊದಲಿನಿಂದ ಸಮೀಕರಣ ಬರಿ. ಎಲ್ಲೆಲ್ಲಿ ನೀ ನೋಡದ ನಂಬೀದಿ, ಅಲ್ಲೆಲ್ಲಾ ಒಂದೊಂದು ಗುರುತು ಹಾಕು.”

ಅತ್ತೆಯ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅವತ್ತು ಮಧ್ಯಾಹ್ನ ಎಲ್ಲವನ್ನೂ ಹೊಸದಾಗಿ ಬರೆದೆ. ಪುಸ್ತಕ ತೆಗೆಯಲಿಲ್ಲ. ತಳ್ಳುವ ಬಲ, ಹಿಡಿಯುವ ಬಲ, ಎರಡೂ ಸಮ. ಎಣ್ಣೆ ಸುಳಿಯಿಲ್ಲದೆ ಹರಿಯಬೇಕು: ಹರಿದಿತ್ತು, ನೋಡಿದ್ದೆ. ಗೋಡೆಯ ಎಣ್ಣೆ ನಿಂತಿರಬೇಕು: ನೋಡಿದ್ದೆ. ಎಣ್ಣೆಯ ಮಟ್ಟ ಇಳಿಯಬಾರದು: ಚಾಚಾ ನೋಡಿಕೊಂಡಿದ್ದರು. ಬಿಸಿಲು ಏರಿದರೆ ಎಣ್ಣೆ ತೆಳುವಾಗುತ್ತದೆ: ಆದರೆ ಎರಡೂ ಕೊಳವೆಗಳನ್ನು ಒಂದೇ ಹೊತ್ತಿನಲ್ಲಿ ಅಳೆದಿದ್ದೆ. ಕೊಳವೆಗಳ ಉದ್ದ: ಪಟ್ಟಿ ಹಿಡಿದು ನಾನೇ ನೋಡಿದ್ದೆ. ಹೀಗೆ ಒಂದೊಂದನ್ನೇ ದಾಟಿ ಕೊನೆಯ ಸಾಲಿಗೆ ಬಂದೆ. ತ್ರಿಜ್ಯದ ನಾಲ್ಕನೆಯ ಘಾತ. ಒಂದು ಕೊಳವೆ ಇನ್ನೊಂದರ ಎರಡರಷ್ಟು.

ಎರಡರಷ್ಟೆಂದು ಯಾರು ಹೇಳಿದರು? ಸರ್ ಹೇಳಿದ್ದರು. ಸರ್‌ಗೆ ಹೇಳಿದ್ದು ಕೊಳವೆಯ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿ. ಅಳೆದು ನೋಡಿದವರು ಯಾರೂ ಇಲ್ಲ.

ವಹಿ ಹಿಡಿದುಕೊಂಡು ಎದ್ದೆ. ಎಲ್ಲಿಗೆ ಹೊರಟೆ ಎಂದು ಅತ್ತೆ ಕೂಗಿದ್ದಕ್ಕೂ ನಿಲ್ಲಲಿಲ್ಲ. ಧಾರವಾಡದ ಬೀದಿಯಲ್ಲಿ ಓಡಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಚಾಚಾ ಕದ ಹಾಕುವುದರಲ್ಲಿದ್ದರು. “ಚಾಚಾ, ಕೊಳವೀ ಒಳಗಿನ ಅಗಲ ಅಳೀಬೇಕು. ಹೊರಗಿಂದಲ್ಲ, ಒಳಗಿಂದು. ಹೆಂಗ?”

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. “ಪಾದರಸ” ಎಂದರು. ಬೀಗವನ್ನು ಜೇಬಿಗೆ ಹಾಕಿಕೊಂಡು ಒಳಗೆ ನಡೆದರು.

ಕೊಳವೆಗಳನ್ನು ಉಜ್ಜಿ ತೊಳೆದು, ಉರಿಯ ಶಾಖಕ್ಕೆ ಹಿಡಿದು ಒಣಗಿಸಿದರು. ಕೊಳವೆಯ ಒಂದು ತುದಿಗೆ ಬೂಚು ಒತ್ತಿ, ನೆಟ್ಟಗೆ ನಿಲ್ಲಿಸಿ, ಬಾಯಿಯ ತನಕ ಪಾದರಸ ತುಂಬುವುದು. ಅದನ್ನು ಬಟ್ಟಲಿಗೆ ಸುರಿದು ತೂಗುವುದು. ಎರಡೂ ಕೊಳವೆಗಳ ಉದ್ದ ಒಂದೇ ಇದ್ದುದರಿಂದ, ಅಗಲ ನಿಜವಾಗಿ ಎರಡರಷ್ಟಿದ್ದರೆ ದೊಡ್ಡದರ ಪಾದರಸ ಸಣ್ಣದರ ನಾಲ್ಕರಷ್ಟು ತೂಗಬೇಕು. ಚಾಚಾ ತಕ್ಕಡಿಯಲ್ಲಿ ತೂಕದ ಬೊಟ್ಟುಗಳನ್ನು ಚಿಮುಟದಿಂದ ಒಂದೊಂದೇ ಇಟ್ಟರು. ಮುಳ್ಳು ನಿಂತಿತು. ಭಾಗಿಸಿದೆ. ನಾಲ್ಕು ಬರಲಿಲ್ಲ. ಮೂರೂವರೆಗೆ ಸ್ವಲ್ಪ ಹೆಚ್ಚು, ಮೂರು ಪಾಯಿಂಟ್ ಆರು.

ತೂಕ ಅಗಲದ ವರ್ಗ. ಎಣ್ಣೆಯ ಹರಿವು ಆ ವರ್ಗದ ವರ್ಗ. ಮೂರು ಪಾಯಿಂಟ್ ಆರನ್ನು ಅದರಿಂದಲೇ ಗುಣಿಸಿದೆ. ಎರಡು ಸಲ ಗುಣಿಸಿದೆ. ಹದಿಮೂರಕ್ಕೆ ಕೂದಲೆಳೆಯಷ್ಟು ಕಡಿಮೆ.

“ಎಷ್ಟು ಬಂತು?” ಎಂದರು ಚಾಚಾ.

“ಹದಿಮೂರು.”

“ನಮ್ಮದ?”

“ನಮ್ಮದ, ಚಾಚಾ.”

ಅವರು ದೊಡ್ಡದಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. ದೊಡ್ಡ ಕೊಳವೆಯ ಅಗಲ ಚೀಟಿಯಲ್ಲಿ ಬರೆದದ್ದಕ್ಕಿಂತ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆ ಇತ್ತು, ಕಣ್ಣಿಗೆ ಕಾಣದಷ್ಟು. ಆ ಚೂರು ಕೊರತೆ ನಾಲ್ಕು ಸಲ ಗುಣಿಸಿಕೊಂಡು ಹದಿನಾರರಲ್ಲಿ ಮೂರನ್ನು ನುಂಗಿತ್ತು. ಸಮೀಕರಣವೂ ಸುಳ್ಳಾಡಿರಲಿಲ್ಲ, ಎಣ್ಣೆಯೂ ಆಡಿರಲಿಲ್ಲ. ಸುಳ್ಳಾಡಿದ್ದು ಆ ಚೀಟಿ, ಅದರ ನಂತರ ನಾನು.

ಮರುದಿನ ತರಗತಿಯಲ್ಲಿ ಸರ್ ಕೈಯಲ್ಲಿ ಬೆಳಿಗ್ಗೆ ನಾನು ಕೊಟ್ಟ ಹೊಸ ವಹಿ ಇತ್ತು. “ಹೋದ ವಾರ ನಾ ನಿಮಗ ಒಂದು ತಪ್ಪು ಹೇಳಿದೆ. ಕೊಳವಿ ಅಳೀಲಿಲ್ಲ, ಬರೇ ಅಂಕಿ ನೋಡಿ ಹಿಗ್ಗಿದೆ. ತಪ್ಪು ನಂದು” ಎಂದರು. ನನ್ನ ವಿಷಯ ಎತ್ತಲಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಆದರೆ ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡದ್ದನ್ನು ನೋಡುತ್ತ ಕೂಡಲು ನನ್ನಿಂದ ಆಗಲಿಲ್ಲ. ಎದ್ದು ನಿಂತು, ಅಂಕಿ ತಿದ್ದಿದ್ದು ನಾನು ಎಂದೆ. ದನಿ ಹೊರಟಿತೋ ಇಲ್ಲವೋ ಎಂಬಷ್ಟು ಸಣ್ಣಗೆ. ಆದರೂ ಎಲ್ಲರಿಗೂ ಕೇಳಿಸಿತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ, “ಹಂಗಾರ ಹದಿಮೂರು ಹೆಂಗ ಬಂತ್ರಿ, ಸರ್?” ಅವನ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಅವನಿಗೆ ತಿಳಿಯಬೇಕಾಗಿತ್ತು. ಸರ್ ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದರು.

ಅಲ್ಲಿಯವರೆಗೆ ಆ ಕಾಲೇಜಿನಲ್ಲಿ ನಾನು ಹಲಗೆಯ ಹತ್ತಿರ ಹೋದವಳಲ್ಲ. ಸೆರಗು ಸರಿಮಾಡಿಕೊಂಡು ಎರಡು ಉದ್ದನೆಯ ಗೆರೆ ಎಳೆದೆ. ಕೋಲು, ಒತ್ತಡ, ಜಿಗುಟು, ಬಳೆಗಳು. ಕೊನೆಗೆ ಪಾದರಸದ ತೂಕ. ಇಂಗ್ಲಿಷಿನಲ್ಲಿ ಶುರುಮಾಡಿದವಳು ಅರ್ಧಕ್ಕೆ ಬರುವಷ್ಟರಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಯಾರೂ ನಗಲಿಲ್ಲ. ತಿರುಗಿ ನೋಡಿದಾಗ ಮೂವತ್ತು ಮುಖಗಳು ಒಟ್ಟಿಗೆ ಕಂಡವು, ಮೊದಲ ಸಲ. ಕೆಲವರು ಬರೆದುಕೊಳ್ಳುತ್ತಿದ್ದರು. ಸರ್ ಬಾಗಿಲ ಪಕ್ಕದ ನನ್ನ ಬೆಂಚಿನಲ್ಲಿ ಕೂತಿದ್ದರು.

ಅಪ್ಪನಿಗೆ ಹೇಳುವುದು ಉಳಿದಿತ್ತು. ಶನಿವಾರ ಅವ್ವನ ಎದುರಿಗೇ ಹೇಳಿಬಿಟ್ಟೆ. ಅಪ್ಪ ಊಟದ ತಾಟಿನ ಮುಂದೆ ಕೈ ನಿಲ್ಲಿಸಿ ಕೇಳಿದರು. ಕೊಳವೆಯ ಚೀಟಿಯ ವಿಷಯಕ್ಕೆ ತಲೆಯಾಡಿಸಿದರು. ನಾನು ಅಂಕಿ ತಿದ್ದಿದ್ದಕ್ಕೆ ತಲೆಯಾಡಿಸಲಿಲ್ಲ.

“ಮತ್ತ ಹಿಂಗ ಮಾಡಬ್ಯಾಡ” ಎಂದರು. ಊಟ ಮುಗಿಸಿ ಕೈ ತೊಳೆಯುತ್ತ, “ಹಂಗಾರ ನಾ ಹೇಳಿದವರಿಗೆಲ್ಲಾ ತಿರುಗಿ ಹೇಳಬೇಕಲ್ಲ” ಎಂದರು.

ಹಾಗೆಯೇ ಮಾಡಿದರು. ಅದೇ ದಲಾಲರು, ಅದೇ ವ್ಯಾಪಾರಿಗಳು, ಅದೇ ಅಯ್ಯನವರು. ಸಣ್ಣ ಲಾಳಿಕೆ, ದೊಡ್ಡ ಲಾಳಿಕೆ ಎರಡನ್ನೂ ಎತ್ತಿ ಹಿಡಿದು, “ಮೊನ್ನೆ ನಮ್ಮ ಹುಡುಗಿ ತಪ್ಪು ಹೇಳಿದ್ಲರಿ. ಹದಿನಾರಲ್ಲ, ಹದಿಮೂರು. ಯಾಕ ಅಂತ ಅಕಿನ್ನ ಕೇಳ್ರಿ” ಎಂದು ನನ್ನನ್ನು ಹೊರಗೆ ಕರೆಯುತ್ತಿದ್ದರು. ಗಂಡಸರು ತುಂಬಿದ ಅಂಗಡಿಯ ಕಟ್ಟೆಯ ಮೇಲೆ ನಿಂತು ನಾನು ಪಾದರಸದ ಕಥೆ ಹೇಳುತ್ತಿದ್ದೆ. ಒಬ್ಬ ಮುದಿ ಜೋಳದ ವ್ಯಾಪಾರಿ ಎಲ್ಲವನ್ನೂ ಕೇಳಿ, “ಅಲ್ಲವಾ ತಂಗಿ, ಹದಿನಾರಾದ್ರೇನು ಹದಿಮೂರಾದ್ರೇನು, ಎಣ್ಣಿ ಅಂತೂ ಬಂತಲ್ಲ” ಎಂದದ್ದು ನೆನಪಿದೆ. ಅಪ್ಪ ಆ ದಿನವೆಲ್ಲ ಅವರ ಮೇಲೆ ಮುನಿಸಿಕೊಂಡಿದ್ದರು.

ಮುಂದೆ ನಾನು ಪಾಸಾದೆ. ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸಲು ಸೇರಿ, ಮದುವೆಯಾದ ಮೇಲೂ ಅಲ್ಲೇ ಉಳಿದೆ. ಯುದ್ಧ ಬಂತು, ಎಣ್ಣೆ ಸಿಗುವುದೇ ಕಷ್ಟವಾಯಿತು. ಚಾಚಾ ಕೆಲಸದಿಂದ ಬಿಡುಗಡೆ ಹೊಂದಿದ ಮೇಲೂ ಎಷ್ಟೋ ವರ್ಷ ಪೇಟೆಯಲ್ಲಿ ಕಾಣುತ್ತಿದ್ದರು. ಕಂಡಾಗಲೆಲ್ಲ ನನ್ನ ಶಾಲೆಯ ಮಕ್ಕಳಿಗೆ ಗಾಜಿನದೇನಾದರೂ ಬೇಕೇ ಎಂದು ಕೇಳುತ್ತಿದ್ದರು. ಸರ್ ಮಗನ ಹತ್ತಿರ ಪುಣೆಗೆ ಹೋದರು, ಅಲ್ಲಿಯೇ ತೀರಿಕೊಂಡರೆಂದು ತಡವಾಗಿ ತಿಳಿಯಿತು.

ಕಾಲೇಜಿನ ದಿನಗಳಿಂದ ನನಗೆ ಮತ್ತೆ ಮತ್ತೆ ನೆನಪಾಗುವುದು ಪರೀಕ್ಷೆಗೆ ಮುಂಚಿನ ಕೊನೆಯ ಪಾಠ. ಸರ್ ಮತ್ತೆ ಒಂದು ಕೊಳವೆ ಬರೆದರು, ಆದರೆ ಈ ಸಲ ನೀರನ್ನು ಜೋರಾಗಿ ಬಿಟ್ಟರು. ನಳ ಪೂರ್ತಿ ತಿರುವಿದಾಗ ನೀರು ಪದರು ಪದರಾಗಿ ಬರುವುದಿಲ್ಲ, ಸುಳಿ ಸುಳಿಯಾಗಿ ಒಡೆಯುತ್ತದೆ ಎಂದರು. ತಳ್ಳುವ ಬಲ ಬರೆದರು, ಹಿಡಿಯುವ ಬಲ ಬರೆದರು. ಹೊಸ ಹೊಸ ಅಕ್ಷರಗಳು ಬಂದವು, ಹಲಗೆ ತುಂಬಿತು, ಒರೆಸಿ ಮತ್ತೆ ತುಂಬಿಸಿದರು. ಮೂರನೆಯ ಸಲ ಅರ್ಧಕ್ಕೆ ಬಂದಾಗ ಕೈ ನಿಂತಿತು. ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿದರು.

“ಇಲ್ಲಿಂದ ಮುಂದ ನನಗ ಗೊತ್ತಿಲ್ಲ” ಎಂದರು. “ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ ಅಂತ ಕಾಣಸ್ತದ.”

ಗಂಟೆಯಾಗಲು ಇನ್ನೂ ಹತ್ತು ನಿಮಿಷವಿತ್ತು. ಅವರು ಹೋಗಲಿಲ್ಲ, ನಾವೂ ಏಳಲಿಲ್ಲ. ಕಿಟಕಿಯಿಂದ ಚೈತ್ರದ ಬಿಸಿ ಗಾಳಿ ಬರುತ್ತಿತ್ತು. ಮೂವತ್ತು ಹುಡುಗರು, ಸರ್, ನಾನು, ಎಲ್ಲರೂ ಅರ್ಧಕ್ಕೆ ನಿಂತ ಆ ಸಾಲನ್ನು ನೋಡುತ್ತ ಸುಮ್ಮನೆ ಕೂತಿದ್ದೆವು.